ಆಯ್ತಮ್ಮನ ಬಂಡೆ

ಹೊನ್ನಗೊಂಡನಹಳ್ಳಿಯ ಕೆರೆ ಏರಿಯ ಮೇಲೆ, ತೂಬು ದಾಟಿದ ಕೂಡಲೇ, ಹತ್ತು ಜನಕ್ಕೆ ನೆರಳಾಗುವಷ್ಟು ದೊಡ್ಡ ಬಂಡೆಯೊಂದಿದೆ. ಅದನ್ನು ಆಯ್ತಮ್ಮನ ಬಂಡೆ ಎನ್ನುತ್ತಾರೆ. ಹಸಿದಿದ್ದರೂ ಸಂಕೋಚಕ್ಕೆ ಉಂಡೆನೆಂದು ಹೇಳುವವರನ್ನು ನಮ್ಮ ಸೀಮೆಯಲ್ಲಿ 'ಆಯ್ತಮ್ಮನ ಊಟ ಮಾಡಿ ಬಂದಿದ್ದಾರೆ' ಎಂದು ಕೆಣಕುವುದುಂಟು. ಆಡಿದವರು ನಗುತ್ತಾರೆ. ಆ ಮಾತು ಹುಟ್ಟಿದ ಬಗೆ ಬಲ್ಲ ನನಗೆ ನಗು ಬರುವುದಿಲ್ಲ.

ಹಿಂದೆ ಒಮ್ಮೆ, ಮಳೆಗಾಲ ಹತ್ತಿರವಾದಾಗ ಏರಿ ಬಿರುಕು ಬಿಟ್ಟಿತಂತೆ. ಊರವರು ಮನೆಗೊಬ್ಬರಂತೆ ಮಣ್ಣು ಹೊರಲು ನಿಂತರು. ಒಪ್ಪೊತ್ತಿನ ಊಟವಾದರೂ ಸಿಗುತ್ತದೆಂದು ಪರವೂರಿನವರೂ ಬಂದರು. ಊರವರು ಮನೆಯಲ್ಲೇ ಉಂಡು ಬರುತ್ತಿದ್ದರು. ಪರವೂರಿನವರಿಗೆ ಬಂಡೆಯ ನೆರಳಲ್ಲಿ ಮುದ್ದೆ, ಸಾರು. ಬಡಿಸುತ್ತಿದ್ದವನು ಸಣ್ಣೀರಪ್ಪ. ಹೇಳಲು ನಾಚಿಕೆ, ಅವನು ನಮ್ಮ ಮನೆತನದವನೇ. ಯಾರು ಯಾವ ಊರಿನವರೆಂದು ಗುರುತು ಸಿಗದೆ ಎದುರಾದವರನ್ನೆಲ್ಲ ಊಟ ಆಯಿತೇ ಎಂದು ಕೇಳುತ್ತಿದ್ದ.

ಒಂಟಿಯಾಗಿ ಬಂದ ಹೆಂಗಸೊಬ್ಬಳನ್ನೂ "ಊಟ ಆಯ್ತೇನವ್ವ?" ಎಂದ. "ಆಯ್ತಣ್ಣ" ಎಂದಳು. ನಮ್ಮಲ್ಲಿ ಮೊದಲ ಮಾತಿಗೇ ಕೈಯೊಡ್ಡಿದರೆ ಮರ್ಯಾದೆಗೇಡು. ಮೊದಲ ಸಲ ಆಯ್ತು ಎನ್ನಬೇಕು, ಎರಡನೆಯ ಸಲ ಬೇಡ ಎನ್ನಬೇಕು, ಮೂರನೆಯ ಸಲ ಒತ್ತಾಯಿಸಿದರೆ ಕೂರಬೇಕು. ಸಣ್ಣೀರಪ್ಪನಿಗೆ ಇದು ಗೊತ್ತಿರಲಿಲ್ಲವೇ? ಮನೆಗೆ ಬಂದ ನೆಂಟರನ್ನು ಕೈಹಿಡಿದು ಕೂರಿಸುತ್ತಿದ್ದವನು ಅವನು. ಇಲ್ಲಿ ನೂರು ಜನರ ಸಾಲು. ಒಮ್ಮೆ ಕೇಳಿ ಮುಂದೆ ಹೋದ. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ದಿನ ಅವಳ ದನಿಯೇ ಹೊರಡಲಿಲ್ಲ. ತುಟಿ ಅಲುಗಿದ್ದನ್ನು ನೋಡಿಯೇ ಮುಂದೆ ಸರಿದನಂತೆ. ಇದೊಂದನ್ನು ನಾನು ಕ್ಷಮಿಸಲಾರೆ.

ಅಂದು ಮಣ್ಣಿನ ಮಂಕರಿ ಹೊತ್ತು ಏರಿ ಹತ್ತುವಾಗ ಅವಳು ಕುಸಿದಳು. ಸಣ್ಣೀರಪ್ಪ ಓಡಿ ಬಂದು, "ಒಂದು ಗುಟುಕು ಕುಡಿಯವ್ವ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಸಾರಿನ ತಿಳಿಯನ್ನು ಬಾಯಿಗೆ ಹಿಡಿದ. ಅದು ಕಟವಾಯಿಯಿಂದ ಇಳಿದು ಮಣ್ಣಿಗೆ ಹೋಯಿತು. ಬಂಡೆಯ ಬುಡದಲ್ಲಿ ಹೂಳುವ ಮುನ್ನ ಹಿರಿಯರು ಅವಳ ಹೆಸರು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. "ಅವಳ ಬಾಯಲ್ಲಿ ನಾನು ಕೇಳಿದ್ದು ಒಂದೇ ಮಾತು" ಎಂದು ಸಣ್ಣೀರಪ್ಪ ಅತ್ತ. ಆ ಮಾತಿನಿಂದಲೇ ಅವಳನ್ನು ಕರೆದರು ಎನ್ನುತ್ತಾರೆ.

ಈಗ ಬಂಡೆಯ ತುಂಬ ಅರಿಶಿನ, ಕುಂಕುಮ. ಬಂದವರು ದೇವತೆಯೆಂದೇ ಕೈಮುಗಿಯುತ್ತಾರೆ. ದೇವತೆಯಲ್ಲ, ಹಸಿದು ಸತ್ತ ಹೆಂಗಸು ಎಂದರೆ ಕೇಳುವವರಿಲ್ಲ. ಹೋಳಿಗೆ, ಪಾಯಸ ಮಾಡಿ ತರುತ್ತಾರೆ. ನೈವೇದ್ಯವೆಂದು ಒಂದು ಗಳಿಗೆ ಅವಳೆದುರು ಹಿಡಿದು, ಮತ್ತೆ ಮುಚ್ಚಿ ಮನೆಗೆ ಒಯ್ಯುತ್ತಾರೆ.