ಸುಣ್ಣಮ್ಮನ ತಲೆನೋವು

ಮೊದಲು ಒಂದು ಒಗಟು. ಐದು ಮದ್ದು ಮಾಡಿದರು, ಐದೂ ತಲೆಗೇ ಹೋದವು. ರೋಗ ಮಾತ್ರ ಕೂತಲ್ಲೇ ಕೂತಿತ್ತು. ಎಲ್ಲಿ ಕೂತಿತ್ತು, ಹೇಳಿ ನೋಡೋಣ. ಬಿಡಿ, ನಿಮ್ಮಿಂದಾಗದು. ಗೊತ್ತಿದ್ದರೂ ಮೇಷ್ಟ್ರ ಮುಂದೆ ಎದ್ದು ನಿಂತು ಹೇಳುವಂಥ ಉತ್ತರವಲ್ಲ ಅದು. ಕತೆ ಕೇಳಿ.

ಕುರುಚಲು ಕಾಡಿನ ಅಂಚಿನ ಕೆರೆಯ ದಂಡೆಯಲ್ಲಿ ಕರೆವ್ವ ಎಂಬ ಎಮ್ಮೆ ಇದ್ದಳು. ಒಂದು ದಿನ ರಸ್ತೆಯ ತಿರುವಿನಲ್ಲಿ ಕೋಳಿ ಲಾರಿ ಕುಲುಕಿ, ಒಂದು ಬಿಳಿ ಕೋಳಿ ದೊಪ್ಪನೆ ಪೊದೆಗೆ ಬಿತ್ತು. ಕರೆವ್ವ ಅವಳನ್ನು ಮೂತಿಯಿಂದ ಮೆಲ್ಲಗೆ ತಳ್ಳಿಕೊಂಡು ಬಂದು, ಸುಣ್ಣಮ್ಮ ಎಂದು ಹೆಸರಿಟ್ಟು, ಮಗಳ ಹಾಗೆ ಸಾಕಿದಳು.

ಲಾರಿಯ ಪಂಜರದಲ್ಲಿ ಸುಣ್ಣಮ್ಮನಿಗೆ ಕಾಲಿಡಲು ಜಾಗವಿರಲಿಲ್ಲ, ಇನ್ನು ಮಾನ ಮರ್ಯಾದೆ ಎಲ್ಲಿಡುವುದು? ಇಲ್ಲಿ ಜಾಗ ಸಿಕ್ಕಿತು ನೋಡಿ, ಕೆರೆಯಷ್ಟು ದೊಡ್ಡ ಮರ್ಯಾದೆ ಕಟ್ಟಿಕೊಂಡಳು. ಸ್ವಲ್ಪ ದಿನಕ್ಕೆ ಬಾಲದ ಕೆಳಗೆ, ಮೊಟ್ಟೆ ಬರುವ ಬಾಗಿಲಲ್ಲೇ, ಸೋಂಕು ಹತ್ತಿತು. ಬಿಳಿ ಲೋಳೆ ಸೋರಿ ಪುಕ್ಕವೆಲ್ಲ ಅಂಟಿಕೊಂಡಿತು. ಕೂತರೂ ಉರಿ, ನಿಂತರೂ ಉರಿ.

"ಏನಾಯ್ತೇ ಮಗಳೇ?" ಎಂದಳು ಕರೆವ್ವ.

ಸುಣ್ಣಮ್ಮ ಬಾಲವನ್ನು ಮರದ ಬುಡಕ್ಕೆ ಒತ್ತಿಕೊಂಡು, "ಸ್ವಲ್ಪ ತಲೆನೋವು ಅವ್ವಾ" ಎಂದಳು.

ತಲೆನೋವಿಗೆ ಎಲ್ಲರೂ ವೈದ್ಯರೇ. ಕಪ್ಪೆ ನೆತ್ತಿಗೆ ಕೆಸರು ಮೆತ್ತಿತು. ಬಾತುಕೋಳಿ ಅದರ ಮೇಲೆ ನೀರು ಹೊಯ್ದಿತು. ಅಳಿಲು ಎಲೆ ಅರೆದು ಹಚ್ಚಿತು. ಕಾಗೆ ಒಣಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯಿತು. ಕೊನೆಗೆ ಬಂದವರು ಪಂಡಿತ ನವಿಲಪ್ಪನವರು. ಜುಟ್ಟು ನೋಡಿದರು, ನಾಲಗೆ ನೋಡಿದರು, ನೆತ್ತಿಗೆ ಕಾವೇರಿದೆ ಎಂದು ಲೇಪ ಬಳಿದರು.

ನೊಣಗಳೆಲ್ಲ ಹಿಂದುಗಡೆಯೇ ಯಾಕೆ ಮುತ್ತುತ್ತಿವೆ ಎಂದು ಕರೆವ್ವ ಕೇಳಿದ್ದಕ್ಕೆ ಪಂಡಿತರು, "ಹಿಂಬಾಲಕರು ಮುಂದೆ ಇರುತ್ತಾರೇನಮ್ಮಾ?" ಎಂದರು.

ವಾಸನೆ ಎಲ್ಲರ ಮೂಗಿಗೂ ಬಡಿದಿತ್ತು. ಆದರೆ ಅದು ಸಭ್ಯಸ್ಥರ ಕೆರೆ. ಮೂಗು ಮುಚ್ಚಿಕೊಂಡರೆ ಅಸಭ್ಯ ಆಗುತ್ತದಲ್ಲ, ಅದಕ್ಕೇ ಎಲ್ಲರೂ ನಾಲ್ಕು ಮಾರು ದೂರ ಕೂತು, ಪಾಪ, ಎಂಥಾ ತಲೆನೋವು ಎಂದು ಮರುಗಿದರು.

ಸಭ್ಯತೆ ಕಲಿಯದ ಮೂಗು ಇದ್ದದ್ದು ಮುಂಗುಸಿಗೆ. ಅವನು ವಾಸನೆ ಹಿಡಿದು ಆಚೆ ದಂಡೆಯಿಂದ ದಿನಕ್ಕೊಂದು ಪೊದೆ ಹತ್ತಿರ ಬಂದ. ಮೂರನೆಯ ದಿನ ಎದುರಿಗೇ ನಿಂತು, "ತಲೆನೋವಂತೆ? ಒಳ್ಳೆಯದಾಯ್ತು, ನಾನು ತಲೆಯಿಂದಲೇ ಶುರು ಮಾಡೋನು" ಎಂದ.

ಸುಣ್ಣಮ್ಮನಿಗೆ ಓಡಲು ಆಗಲಿಲ್ಲ. ಕರೆವ್ವ ಕೊಂಬು ಬೀಸಿ ಅಟ್ಟಿದಳು. ನಾಳೆ ನೀನು ಮೇಯೋಕೆ ಹೋಗಲೇಬೇಕಲ್ಲ ಎನ್ನುತ್ತಾ ಅವನು ಪೊದೆ ಸೇರಿದ.

ಆಗ ಕರೆವ್ವನ ಬೆನ್ನಿಂದ ಸಣ್ಣಿ ಇಳಿದಳು. ಅವಳು ಗೋವಕ್ಕಿ. ಎಮ್ಮೆಗಳ ಬಾಲದ ಸಂದಿಯಲ್ಲಿ ಉಣ್ಣಿ ಹುಳ ಹೆಕ್ಕುವುದು ಅವಳ ಕಸುಬು, ಅದಕ್ಕೇ ಸಭ್ಯಸ್ಥರು ಅವಳನ್ನು ಪಂಕ್ತಿಗೆ ಸೇರಿಸುತ್ತಿರಲಿಲ್ಲ.

"ತಿರುಗು ಸುಣ್ಣಕ್ಕಾ" ಎಂದಳು.

"ತಲೆ ಇರೋದು ಈ ಕಡೆ."

"ಕಾಣ್ತಾ ಇದೆ. ಐದು ಜನ ಮೆತ್ತಿದ ಮೇಲೂ ಕಾಣ್ತಾ ಇದೆ. ತಿರುಗು."

ಸುಣ್ಣಮ್ಮ ಪೊದೆಯ ಕಡೆ ನೋಡಿದಳು. ಅಲ್ಲಿ ಎರಡು ಕಣ್ಣು ಹೊಳೆಯುತ್ತಿದ್ದವು. ತಿರುಗಿದಳು. ಸಣ್ಣಿ ಬಗ್ಗಿ ನೋಡಿದಳು, ನಗಲಿಲ್ಲ. ಅವಳು ನಗದಿದ್ದಕ್ಕೇ ಸುಣ್ಣಮ್ಮನಿಗೆ ಅಳು ಬಂತು.

"ಇಷ್ಟೇನಾ?" ಎಂದಳು ಸಣ್ಣಿ. "ನಿಮ್ಮವ್ವನ ಬಾಲದಡಿ ನಾನು ಕಂಡಿರೋದರ ಮುಂದೆ ಇದು ಹೂವಿನ ತೋಟ ಕಣೇ."

ಕರೆವ್ವನ ಗೊರಸಿನ ಗುಂಡಿಯಲ್ಲಿ ಬಿಸಿಲಿಗೆ ಕಾದ ನೀರಿತ್ತು. ದನಗಾಹಿಗಳು ಬಂಡೆಯ ಮೇಲೆ ಬಿಟ್ಟಿದ್ದ ಉಪ್ಪಿನ ಹರಳನ್ನು ಅದಕ್ಕೆ ಹಾಕಿ, ಸುಣ್ಣಮ್ಮನನ್ನು ಬೆಳಗ್ಗೆ ಸಂಜೆ ಕೂರಿಸಿದರು. ಕೊಳೆ ನೆನೆದ ಮೇಲೆ ಸಣ್ಣಿ ಗಂಟುಗಟ್ಟಿದ ಪುಕ್ಕವನ್ನು ಒಂದೊಂದಾಗಿ ಕತ್ತರಿಸಿ, ತೊಳೆದು, ಬಿಸಿಲಲ್ಲಿ ಒಣಗಿಸಿದಳು. ಕುಡಿಯಲು ಚಿಪ್ಪಿನಲ್ಲಿ ಹುಳಿಮಜ್ಜಿಗೆ. ಹಾಲು ಕರೆವ್ವನದೇ. ಏಳು ದಿನ ಕರೆವ್ವ ಮೇಯಲು ದೂರ ಹೋಗದೆ, ಸುತ್ತಲಿನ ಒಣಹುಲ್ಲು ಕಡಿದುಕೊಂಡು ಕಾವಲು ನಿಂತಳು.

ಎಂಟನೆಯ ದಿನ ಅವಳು ಹಸಿವು ತಡೆಯಲಾರದೆ ದೂರ ಮೇಯಲು ಹೋದಳು. ಮುಂಗುಸಿ ನೆಗೆದ. ಸುಣ್ಣಮ್ಮ ಅಷ್ಟರಲ್ಲಿ ಕೊಂಬೆಯ ಮೇಲಿದ್ದಳು. ಅವನ ತಲೆ ಮರದ ಬುಡಕ್ಕೆ ಬಡಿಯಿತು.

"ತಲೆನೋವೇನಣ್ಣಾ? ಪಂಡಿತರನ್ನ ಕರೀಲಾ?" ಎಂದಳು ಸುಣ್ಣಮ್ಮ.

ಪಂಡಿತರೇನು ಸುಮ್ಮನಿದ್ದರೇ? ತಮ್ಮ ಲೇಪವೇ ನೆತ್ತಿಯಿಂದ ನಿಧಾನಕ್ಕೆ ಕೆಳಗಿಳಿದು ಗುಣ ಮಾಡಿತು ಎಂದು ಕೆರೆಗೆಲ್ಲ ಸಾರಿದರು.

ಹದಿನೈದು ದಿನ ಕಳೆಯಿತು. ಪಂಡಿತರು ಯಾರೂ ಇಲ್ಲದ ಮಟಮಟ ಮಧ್ಯಾಹ್ನ ಸಣ್ಣಿಯ ಬಳಿ ಬಂದರು. ನಾಲ್ಕು ನೊಣಗಳೂ ಜೊತೆಗೆ ಬಂದವು.

"ಸಣ್ಣಿಯಮ್ಮಾ, ಯಾಕೋ ತಲೆನೋವು."

"ತಿರುಗಿ ಪಂಡಿತರೇ."

ಪಂಡಿತರು ತಿರುಗಿದರು.

ತಿರುಗಿದರು ಅನ್ನೋದು ನಾನೇ ಕಟ್ಟಿದ್ದು, ಕತೆ ಚೆನ್ನಾಗಿ ಮುಗಿಯಲಿ ಅಂತ. ನಿಜವಾಗಿ ಅವರು, ಇನ್ನೊಂದು ದಿನ ಬರ್ತೀನಿ ಎಂದು ಗರಿ ಎಳೆದುಕೊಂಡು ಹೋದರು. ಇವತ್ತಿಗೂ ತಲೆಗೆ ಲೇಪ ಹಚ್ಚಿಕೊಂಡೇ ಓಡಾಡುತ್ತಿದ್ದಾರೆ. ಮುಂಗುಸಿ ಅವರ ಹಿಂದೆ ದಿನಕ್ಕೊಂದು ಪೊದೆ ದಾಟುತ್ತಿದ್ದಾನೆ.

ನೀತಿ: ನೋವಿರುವ ಜಾಗ ತೋರಿಸದವನ ಮದ್ದೆಲ್ಲ ತಲೆಗೇ ಹೋಗುತ್ತದೆ.