ಕಲ್ಲಿನ ಹೊಟ್ಟೆಯೊಳಗೆ ಶಂಖ ಬಂದದ್ದು

ಲೋಕ ಇನ್ನೂ ಹಸಿಯಾಗಿತ್ತು. ಈಗಷ್ಟೇ ಒಲೆಯಿಂದ ಇಳಿಸಿದ ಹಾಗೆ ಅದರ ಮೈಯಿಂದ ಹಬೆ ಏಳುತ್ತಿತ್ತು. ಬೆಟ್ಟಗಳಿಗೆ ಎಲ್ಲಿ ಕೂರಬೇಕೆಂದು ಗೊತ್ತಿರಲಿಲ್ಲ. ನದಿಗಳಿಗೆ ದಾರಿ ಗೊತ್ತಿರಲಿಲ್ಲ, ಎದುರಿಗೆ ಬಂದವರನ್ನೆಲ್ಲ ಕೇಳುತ್ತ ಹರಿಯುತ್ತಿದ್ದವು. ಸಾಲಿ ಇರಲಿಲ್ಲ, ಹಾಜರಿ ಇರಲಿಲ್ಲ, ಅದಕ್ಕೇ ಬೆಳಗ್ಗೆ ಎದ್ದ ಕೂಡಲೇ ಯಾರಿಗೂ ಹೊಟ್ಟೆನೋವು ಬರುತ್ತಿರಲಿಲ್ಲ.

ಈಗ ನೀನು ಕೂತಿದ್ದೀಯಲ್ಲ ಚಂದಮ್ಮಾ, ನೆಲಕ್ಕೆ ಹಾಸುವ ಈ ಪರಸಿ ಕಲ್ಲಿನ ಕಟ್ಟೆ, ಇಲ್ಲಿ ತಾಳೆಮರ ಮುಳುಗುವಷ್ಟು ನೀರಿತ್ತು. ನಮ್ಮ ಬಾಗಿಲಿರುವ ಜಾಗದಲ್ಲಿ ಮೀನುಗಳು ಹೋಗಿ ಬರುತ್ತಿದ್ದವು, ಚಪ್ಪಲಿ ಕೂಡ ಬಿಡದೆ.

ಆ ಮೊಳೆ ಕೆಳಗಿಡು. ಕಲ್ಲಿನೊಳಗಿನ ಆ ಸುತ್ತು ಸುತ್ತಿನ ಶಂಖವನ್ನು ಕೆರೆದು ಕೀಳಬೇಡ. ಮೊದಲು ಅದು ಯಾರದೆಂದು ಕೇಳು, ಆಮೇಲೆ ಬೇಕಾದರೆ ಕಿತ್ತುಕೋ.

ಆಗ ಭೂಮಿ ಎಳೆಗೂಸು. ಕೂಸು ಅಂದರೆ ಸಣ್ಣದಲ್ಲ ಮತ್ತೆ, ಅದರ ಒಂದೊಂದು ಮೊಣಕಾಲೂ ಒಂದೊಂದು ಬೆಟ್ಟ. ಮೈಮೇಲೆ ಒಂದು ಎಳೆ ಬಟ್ಟೆಯಿಲ್ಲ, ಬರೀ ಕರಿಬಂಡೆ. ಬಿಸಿಲಿಗೆ ಸುಡುತ್ತಿತ್ತು, ಥಂಡಿಗೆ ನಡುಗುತ್ತಿತ್ತು, ನಿದ್ದೆ ಮಾತ್ರ ಮಾಡುತ್ತಿರಲಿಲ್ಲ. ಕಾಲು ಝಾಡಿಸಿತೆಂದರೆ ಗುಡ್ಡಗಳು ಪಲ್ಟಿ ಹೊಡೆಯುತ್ತಿದ್ದವು.

ಆ ಕೂಸನ್ನು ನೋಡಿಕೊಳ್ಳುತ್ತಿದ್ದವಳು ಕಡಲಜ್ಜಿ. ನೀಲಿ ಮೈ, ನೊರೆಯಂಥ ಬಿಳಿ ಕೂದಲು.

"ಪಾಪ, ಬರಿಮೈಲೆ ಐತಿ. ಒಂದು ಕೌದಿ ಹೊಲಿದು ಹೊಚ್ತೀನಿ, ಆಗ ಮಲಗ್ತೈತಿ" ಅಂದಳು ಅಜ್ಜಿ.

ಅದೇ ಲೋಕದ ಮೊಟ್ಟಮೊದಲ ಕೌದಿ. ನಮ್ಮ ಆಯಿ ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿಯುತ್ತಾಳಲ್ಲ, ಥೇಟ್ ಹಾಗೇ. ಅಜ್ಜಿ ನದಿಗಳನ್ನು ಕೂಗಿದಳು, "ಏ ಹುಡುಗ್ಯಾರ್ಯಾ, ಬರಿಗೈಲೆ ಬರಬ್ಯಾಡ್ರಿ, ಚಿಂದಿ ತರ್ರಿ!"

ಒಂದು ನದಿ ಕೆಂಪು ಮಣ್ಣು ತಂದಿತು. ಒಂದು ನದಿ ಹಳದಿ ಉಸುಕು ತಂದಿತು. ಒಂದು ಬಿಳಿ ಸುಣ್ಣ ತಂದಿತು. ಗಾಳಿ ಎಲ್ಲಿಂದಲೋ ಬೂದಿ ಕದ್ದು ತಂದಿತು. ಅಜ್ಜಿ ಒಂದು ಪದರ ಹಾಸಿದಳು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಅಲೆಯೇ ಅವಳ ಸೂಜಿ. ಹೋಗಿ ಬಂತು ಒಂದು ಹೊಲಿಗೆ, ಹೋಗಿ ಬಂತು ಇನ್ನೊಂದು ಹೊಲಿಗೆ.

ಪದರ ಏರಿತು, ಕೂಸು ಮಾತ್ರ ಮಲಗಲಿಲ್ಲ. ಹೊದಿಸಿದಷ್ಟೂ ನಡುಗಿತು. ಝಾಡಿಸಿ ಒದ್ದರೆ ಹೊಲಿದ ಕೌದಿ ಪರ್ರನೆ ಸೀಳುತ್ತಿತ್ತು. ಅಜ್ಜಿ ಮತ್ತೆ ಹಾಸುವಳು, ಮತ್ತೆ ಹೊಲಿಯುವಳು.

"ಅಣ್ಣಾ, ಅಜ್ಜಿ ಕೌದಿಯ ಹೊಟ್ಟಿ ತುಂಬಿದ್ದಳೇನು?" ಅಂತ ಕೇಳುತ್ತೀಯಾ? ಶಾಣ್ಯಾಕಿ ಇದ್ದಿ. ನಮ್ಮ ಆಯಿ ಕೌದಿಯ ಕೊನೇ ಮೂಲೆ ಮುಚ್ಚುವ ಮುಂಚೆ ಒಳಗೊಂದು ಚೂರು ಹೋಳಿಗೆ ಇಡುತ್ತಾಳೆ, ಇಲ್ಲದಿದ್ದರೆ ರೊಟ್ಟಿ ಚೂರು. ಕೌದಿಯನ್ನು ಬರಿಹೊಟ್ಟೆಯಲ್ಲಿ ಮುಚ್ಚಬಾರದು. ಹಸಿದ ಕೌದಿ ಹೊದ್ದವರ ಮೈಕಾವನ್ನೇ ತಿಂದುಬಿಡುತ್ತದೆ. ಇದು ನಿನಗೆ ಗೊತ್ತು, ನನಗೆ ಗೊತ್ತು. ಪಾಪ, ಕಡಲಜ್ಜಿಗೆ ಗೊತ್ತಿರಲಿಲ್ಲ. ಅವಳಿಗೆ ಹೇಳಿಕೊಡಲು ಅವಳಿಗಿಂತ ಹಿರಿಯರು ಯಾರಿದ್ದರು?

ಆ ನೀರಿನಲ್ಲಿ ಸುರುಳಿ ಅಂತ ಒಂದು ಶಂಖದ ಮರಿ ಇತ್ತು. ಭಾರೀ ಖೋಡಿ. ಮೀನಿನ ಬಾಲ ಜಗ್ಗಿ ಓಡುವಳು. ಓಡುವಳು ಅಂದರೆ ಏನು, ಮೀನು ತಿರುಗಿ ನೋಡುವಷ್ಟರಲ್ಲಿ ಒಂದು ಬೆರಳಿನಷ್ಟು ದೂರ ಹೋಗಿ ಕಲ್ಲಿನ ಹಾಗೆ ಕೂತುಬಿಡುವಳು. ಅಜ್ಜಿ ನುಣ್ಣಗೆ ಹಾಸಿದ ಪದರದ ಮೇಲೆ ಸೊಟ್ಟ ಸೊಟ್ಟ ಗೆರೆ ಎಳೆಯುತ್ತ ತಿರುಗುವಳು, ಅವಳನ್ನು ಹಿಡಿಯಲು ಅವಳವ್ವ ಹಿಂದೆ ಹಿಂದೆ.

"ಏ ಖೋಡಿ! ಈಗರೆ ಹಾಸೀನಿ, ತುಳೀಬ್ಯಾಡ!"

"ತುಳ್ಯಾಕ ನನಗ ಕಾಲರೆ ಎಲ್ಲಿ ಅದಾವ ಅಜ್ಜಿ?"

ಹೀಗಿದ್ದ ಸುರುಳಿ ಒಮ್ಮೆಲೇ ಸುಮ್ಮನಾದಳು. ಅವಳ ಅವ್ವ ಸತ್ತುಹೋಗಿದ್ದಳು.

ಆ ಕಾಲದಲ್ಲಿ ಸತ್ತವರದು ಏನೂ ಉಳಿಯುತ್ತಿರಲಿಲ್ಲ. ಅಲೆ ಶಂಖವನ್ನು ಉರುಳಿಸುತ್ತಿತ್ತು, ಒಡೆಯುತ್ತಿತ್ತು, ಅರೆದು ಉಸುಕು ಮಾಡುತ್ತಿತ್ತು. ಯಾವ ಕಾಳು ಯಾರ ಅವ್ವ ಎಂದು ಯಾರಿಗೂ ಹೇಳಲು ಬರುತ್ತಿರಲಿಲ್ಲ. ಈಗ ಸುರುಳಿಯ ಅವ್ವನ ಖಾಲಿ ಶಂಖವನ್ನೂ ಅಲೆ ಉರುಳಿಸತೊಡಗಿತ್ತು. ಅಂಚು ಆಗಲೇ ಮುಕ್ಕಾಗಿತ್ತು.

"ಅಜ್ಜಿ, ನಮ್ಮವ್ವನ್ನ ಬಿಟ್ಟುಬಿಡು" ಅಂದಳು ಸುರುಳಿ.

"ನಾ ಏನ್ ಮಾಡ್ಲವ್ವ? ಅಲೆ ನನ್ನ ಕೈ ಖರೆ, ಆದ್ರ ನಿಂದ್ರು ಅಂದ್ರ ನಿಂದ್ರಂಗಿಲ್ಲ."

"ಹಂಗಾದ್ರ ನಿನ್ನ ಕೌದಿಯೊಳಗ ಮುಚ್ಚಿಡು. ಅಲ್ಲಿ ಅಲೆ ಬರಂಗಿಲ್ಲ."

"ಹುಚ್ಚಿ! ಕೌದಿಯೊಳಗ ಗಂಟಿದ್ರ ಕೂಸಿಗೆ ಚುಚ್ಚಂಗಿಲ್ಲೇನು? ಹೋಗು, ಹೊಲಿಯಾಕ ಬಿಡು."

ಸುರುಳಿ ಅಳಲಿಲ್ಲ. ಸ್ವಲ್ಪ ಹೊತ್ತು ಕೂತು ಯೋಚಿಸಿದಳು. ಆಮೇಲೆ ಒಮ್ಮೆಲೇ ಕಿರುಚಿದಳು, "ಅಯ್ಯಯ್ಯೋ ಅಜ್ಜಿ! ನಿನ್ನ ಹಿಂದ ಚಂದ್ರ ಜಾರಿ ಬಿದ್ದ ನೋಡು!"

ಅಜ್ಜಿ ತಿರುಗಿದಳು. ಕಡಲು ತಿರುಗುವುದೆಂದರೆ ಸುಮ್ಮನೇ ಅಲ್ಲ. ಅಷ್ಟೂ ನೀರು ದಂಡೆ ಬಿಟ್ಟು ಆ ಕಡೆ ಹೋಯಿತು. ಈ ಕಡೆ ಮೆತ್ತನೆಯ ಕೆಸರು ತೆರೆದುಕೊಂಡಿತು. ಸುರುಳಿ ಅವ್ವನ ಶಂಖವನ್ನು ದಬ್ಬಿದಳು, ದಬ್ಬಿದಳು, ಕೌದಿಯ ಮೂಲೆಯಲ್ಲಿ ಒಳಗೆ ತುರುಕಿದಳು. ಮೇಲೆ ಕೆಸರು ಎಳೆದು ಅದರ ಮೇಲೆ ತಾನೇ ಕೂತುಬಿಟ್ಟಳು.

"ಎಲ್ಲಿ ಬಿದ್ದಾನ? ಅಲ್ಲೇ ಅದಾನಲ್ಲ!" ಎಂದು ಅಜ್ಜಿ ಮರಳಿ ಬಂದಳು.

"ಬಿದ್ದು ಎದ್ದಿರಬೇಕು ಅಜ್ಜಿ. ನಿನ್ನ ನೋಡಿ ನಾಚಿಕೆ ಆಗಿರಬೇಕು."

ಅಜ್ಜಿ ಗೊಣಗುತ್ತ ಒಂದು ಕೆಂಪು ಪದರ ಹಾಸಿದಳು. ಅದರ ಮೇಲೊಂದು ಬಿಳಿ ಪದರ. ಹೊಲಿಯುತ್ತ ಹೊಲಿಯುತ್ತ ಮೂಲೆಗೆ ಬಂದಾಗ ಕೈಗೆ ಏನೋ ತಾಗಿತು.

"ಇದೇನಿದು ಗಂಟು?"

ಸುರುಳಿ ಆ ಕಡೆ ಮುಖ ತಿರುಗಿಸಿದಳು.

"ಇದೇನು ಅಂತ ಕೇಳಿದೆ!" ಅಜ್ಜಿಗೆ ಸಿಟ್ಟು ಬಂದು ನೀರೆಲ್ಲ ಕಪ್ಪಾಯಿತು. ಹೊಲಿಗೆ ಬಿಚ್ಚಲು ಅಲೆ ಮೇಲೆದ್ದಿತು. ಸುರುಳಿ ಆ ಗಂಟಿನ ಮೇಲೆ ಅಡ್ಡ ಬಿದ್ದಳು. "ಬಿಚ್ಚಬ್ಯಾಡ ಅಜ್ಜಿ! ಒಳಗ ನಮ್ಮವ್ವ ಅದಾಳ!"

ಮೇಲೆದ್ದ ಅಲೆ ಹಾಗೇ ನಿಂತುಬಿಟ್ಟಿತು. ಎಂದೂ ನಿಲ್ಲದ ಅಲೆ ಅವತ್ತು ನಿಂತಿತು.

ಯಾಕೆಂದರೆ ಕೆಳಗೆ ಯಾರೂ ಒದೆಯುತ್ತಿರಲಿಲ್ಲ.

ಅಜ್ಜಿ ಕಿವಿಗೊಟ್ಟಳು. ಗಾಳಿ ಕುಕ್ಕರಗಾಲಲ್ಲಿ ಕೂತು ಕಿವಿಗೊಟ್ಟಿತು. ನದಿಗಳು ತುದಿಗಾಲಲ್ಲಿ ಬಂದು ನಿಂತವು. ಬೆಟ್ಟಗಳು ಎಲ್ಲಿದ್ದವೋ ಅಲ್ಲೇ ಕೂತವು, ಅವತ್ತು ಕೂತವು ಇನ್ನೂ ಎದ್ದಿಲ್ಲ. ಲೋಕ ಹುಟ್ಟಿದ ಮೇಲೆ ಮೊದಲ ಬಾರಿಗೆ ಯಾವ ಸದ್ದೂ ಇರಲಿಲ್ಲ. ಆ ನಿಶ್ಶಬ್ದದ ತಳದಿಂದ, ಆಳದಿಂದ, ಒಂದು ಉಸಿರು ನಿಧಾನವಾಗಿ ಏರಿತು, ನಿಧಾನವಾಗಿ ಇಳಿಯಿತು. ಅದರ ಜೊತೆಗೆ ಕೌದಿ ಏರಿತು, ಕೌದಿ ಇಳಿಯಿತು.

ಕೂಸು ಮಲಗಿತ್ತು.

"ನನ್ನವ್ವ..." ಅಂದಳು ಅಜ್ಜಿ, ಪಿಸುಮಾತಿನಲ್ಲಿ. "ಕೌದಿ ಹಸದಿತ್ತು. ಇಷ್ಟು ಕಾಲ ಬರಿಹೊಟ್ಟೀಲೆ ಮುಚ್ಚೀನಲ್ಲ ನಾ! ಕೂಸಿನ ಮೈಕಾವೆಲ್ಲ ಅದೇ ತಿಂತಿತ್ತು."

"ಹಂಗಾದ್ರ ಅವ್ವನ್ನ ಬಿಚ್ಚಂಗಿಲ್ಲ?"

"ಹೊಟ್ಟ್ಯಾಗ ಇಟ್ಕೊಂಡವರನ್ನ ಯಾರರೆ ತೆಗೀತಾರೇನ? ಕೂಸು ಮಲಗಿರೋತನಕ ನಿಮ್ಮವ್ವ ಇಲ್ಲೇ ಇರ್ತಾಳ. ಉಸುಕಾಗಂಗಿಲ್ಲ."

ಆಮೇಲೆ ಅಜ್ಜಿ ಹಾಸಿದ ಪದರಗಳಲ್ಲಿ ಒಂದೊಂದು ತುತ್ತು ಇಡುತ್ತ ಬಂದಳು. ಒಂದರಲ್ಲಿ ಮೀನಿನ ಮುಳ್ಳು. ಒಂದರಲ್ಲಿ ನದಿ ತಂದ ಎಲೆ. ಒಂದರಲ್ಲಿ ಮಳೆ ಹನಿಗಳ ಗುರುತು, ಅಷ್ಟೇ. ಸುರುಳಿ ಎಳೆದ ಸೊಟ್ಟ ಗೆರೆಗಳನ್ನೂ ಅಳಿಸಲಿಲ್ಲ. "ಇರ್ಲಿ, ಕೂಸು ಎದ್ದರ ನಗಾಕ ಬೇಕು" ಅಂದಳು.

ಕಾಲ ಹೋಯಿತು. ಎಷ್ಟು ಅಂತ ಕೇಳಬೇಡ, ಎಣಿಸಲು ಕೂತವರು ಎಣಿಸುತ್ತಲೇ ಮುದುಕರಾದರು. ಅಜ್ಜಿಗೂ ಹೊರಡುವ ಹೊತ್ತು ಬಂತು. ಇನ್ನೂ ಎಲ್ಲೆಲ್ಲೋ ಭೂಮಿಯ ಮೈ ಬರಿದಾಗಿತ್ತು, ಅಲ್ಲಿಯೂ ಹೊಲಿಯಬೇಕಲ್ಲ. ಅಷ್ಟರಲ್ಲಿ ಸುರುಳಿಯೂ ಮುದುಕಿ, ಗೆರೆ ಎಳೆಯಲು ಶಕ್ತಿಯಿಲ್ಲ.

"ಬರ್ತೀಯೇನ ಖೋಡಿ, ನನ್ನ ಕೂಡ?"

"ಇಲ್ಲಜ್ಜಿ. ಕಡೀ ತುತ್ತು ನಾನೇ ಆಗ್ತೀನಿ. ಅವ್ವ ಕೆಳಗ, ನಾ ಮ್ಯಾಲ. ಇನ್ನರೆ ಅಕಿ ನನ್ನ ಹಿಡ್ಯಾಕ ಬರಂಗಿಲ್ಲ."

ಅಜ್ಜಿ ನಕ್ಕಳು. ಅತ್ತಳು. ಮೇಲಿನ ಪದರ ಎಳೆದು ಮೂಲೆ ಒತ್ತಿ, ನೀರೆಲ್ಲ ಸಾವರಿಸಿಕೊಂಡು, ಸದ್ದು ಮಾಡದೆ ಹೋದಳು. ಬಿಸಿಲು ಬಂತು. ಕೌದಿ ಒಣಗಿತು, ಗಟ್ಟಿಯಾಯಿತು, ಕಲ್ಲಾಯಿತು. ಕೂಸು ಮಾತ್ರ ಇನ್ನೂ ಮಲಗಿದೆ. ಆಗೊಮ್ಮೆ ಈಗೊಮ್ಮೆ ಮಗ್ಗುಲು ಬದಲಿಸುತ್ತದೆ, ಆಗ ಮನೆಯಲ್ಲಿ ಪಾತ್ರೆಗಳು ಗಡಗಡ ಅನ್ನುತ್ತವೆ, ಅಷ್ಟೇ.

ಹೂಂ ಚಂದಮ್ಮಾ, ಈಗ ಹೇಳು, ಕೀಳುತ್ತೀಯಾ? ಮೊಳೆ ಬಿಟ್ಟೆಯಲ್ಲ, ಹಾಗೇ ಅಂಗೈ ಇಡು ಅದರ ಮೇಲೆ. ಮೆಲ್ಲಗೆ.

ಅದಕ್ಕೇ ಇವತ್ತಿಗೂ ಪರಸಿ ಕಲ್ಲು ಕೌದಿಯ ಹಾಗೆ ಪದರ ಪದರವಾಗಿ ಬಿಚ್ಚುತ್ತದೆ, ಅದರ ಮೈಮೇಲೆ ಅಲೆಯ ಹೊಲಿಗೆ ನಿನ್ನ ಬರಿಗಾಲಿಗೆ ತಾಗುತ್ತದೆ, ಕೆಳಗಿನ ಪದರದಲ್ಲಿ ಯಾರದೋ ಅವ್ವ, ಮೇಲಿನ ಪದರದಲ್ಲಿ ಅವಳ ಖೋಡಿ ಮಗಳು, ಇಬ್ಬರೂ ಉಸುಕಾಗದೆ ಮಲಗಿರುತ್ತಾರೆ.