ಕಾಶವ್ವನ ಡಿಜಿಟಲ್ ಅರೆಸ್ಟ್

ಠಾಣೆಯ ಲಾಕಪ್ಪಿನಲ್ಲಿದ್ದವರಿಗೆ ರೊಟ್ಟಿ ಬಡಿದು ಕೊಡುವ ಕಾಶವ್ವ ಮನೆಯಲ್ಲಿ ಹಿಟ್ಟು ನಾದುತ್ತಿದ್ದಾಗ ವೀಡಿಯೊ ಕರೆ ಬಂತು. ನೋಡಿದರೆ ಖಾಕಿ ಅಂಗಿ, ದಪ್ಪ ಮೀಸೆ.

"ನಿಮ್ಮ ಹೆಸರಿನ ಪಾರ್ಸಲ್ಲಿನಲ್ಲಿ ಗಾಂಜಾ ಸಿಕ್ಕಿದೆ! ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ! ಕ್ಯಾಮೆರಾ ಮುಂದಿನಿಂದ ಕದಲಬೇಡಿ. ಬ್ಯಾಂಕಿನಲ್ಲಿ ಇರೋದನ್ನೆಲ್ಲ ನಮ್ಮ ಖಾತೆಗೆ ಹಾಕಿ!" ಎಂದು ಮೀಸೆ ಗುಡುಗಿತು.

ಕಾಶವ್ವ ಹಿಟ್ಟಿನ ಕೈಯಲ್ಲೇ ನಮಸ್ಕಾರ ಮಾಡಿದಳು. "ಹಾಕತೀನ್ರಿ ಸಾಹೇಬ್ರ. ಆದ್ರ ಅರೆಸ್ಟ್ ಮಾಡಿದವ್ರು ಊಟ ಕೊಡಬೇಕಲ್ರಿ? ಊಟ ಕೊಡಲಿಲ್ಲಂದ್ರ ನೀವು ಪೊಲೀಸ್ರು ಅಂತ ಹೆಂಗ ನಂಬಲಿ?"

ಮೀಸೆ ಪೇಚಿಗೆ ಸಿಲುಕಿತು. ಬಲೆಗೆ ಬಿದ್ದ ಮೀನು ಜಾರಿದರೆ? ವಿಳಾಸ ಕೇಳಿಕೊಂಡು, ತನ್ನ ಫೋನಿನಿಂದಲೇ ಅವಳ ಮನೆಗೆ ಖಾನಾವಳಿ ಊಟ ಆರ್ಡರ್ ಮಾಡಿತು.

"ಹೋಳಿಗಿ ಮರೀಬ್ಯಾಡ್ರಿ" ಎಂದಳು ಕಾಶವ್ವ. ಹೋಳಿಗೆಯೂ ಬಂತು.

ಕ್ಯಾಮೆರಾದ ಮುಂದೆಯೇ ಹೊಟ್ಟೆ ತುಂಬ ಉಂಡು, ಫೋನ್ ಕಟ್ ಮಾಡಿ, ಅವಳು ನೆಟ್ಟಗೆ ಠಾಣೆಗೆ ನಡೆದು, ಕರೆಯ ಕಥೆಯನ್ನೆಲ್ಲ ಇನ್ಸ್‌ಪೆಕ್ಟರಿಗೆ ಹೇಳಿದಳು. "ಸಾಹೇಬ್ರ, ಈ ಊಟ ಯಾವ ಪುಣ್ಯಾತ್ಮ ಕಳಿಸಿದ, ಸ್ವಲ್ಪ ಹುಡುಕ್ರಿ." ಆರ್ಡರ್ ಮಾಡಿದ ಫೋನಿನ ಜಾಡು ಹಿಡಿದು ಸೈಬರ್ ಪೊಲೀಸರು ಹೊರಟರು.

ವಾರದೊಳಗೆ ಮೀಸೆ ಅದೇ ಲಾಕಪ್ಪಿನಲ್ಲಿತ್ತು. ಕಾಶವ್ವ ಸರಳಿನ ಸಂದಿಯಲ್ಲಿ ತಟ್ಟೆ ಸರಿಸಿದಳು.

"ಉಣ್ರಿ ಸಾಹೇಬ್ರ. ಅವತ್ತಿನ ಊಟ ನಿಮ್ಮದು, ಇವತ್ತಿಂದು ನಮ್ಮದು. ಹೋಳಿಗಿ ಮಾತ್ರ ಕೇಳಬ್ಯಾಡ್ರಿ."